ಕೊನೇ ಬೀಟಿನ ‘ಬಾ’

ಹೋದ ತಿಂಗಳು ಹಳೇ ಬೀರುವಿನ ತುಕ್ಕು ಹಿಡಿದ ಅಂಚು ಕೈಗೆ ಗೀರಿ, ಟಿ.ಟಿ. ಇಂಜೆಕ್ಷನ್ ಹಾಕಿಸಿಕೊಳ್ಳಲು ಬಾಗಲಗುಂಟೆಯ ನಮ್ಮ ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿದ್ದೆ. ನರ್ಸಮ್ಮ ಹತ್ತಿಯ ಉಂಡೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತೋಳಿಗೆ ಉಜ್ಜಿದರು. ಆ ವಾಸನೆ ಬಂದರೆ ಎಲ್ಲರಿಗೂ ಸೂಜಿ ನೆನಪಾಗುತ್ತದೆ. ನನಗೆ ಯಶವಂತಪುರದ ಒಂದು ಮೊದಲ ಮಹಡಿಯ ಕೋಣೆ, ಮುಚ್ಚಳ ಬಿಚ್ಚಿ ಅಂಗಾತ ಮಲಗಿಸಿದ ಕೀಬೋರ್ಡುಗಳು, ಅವುಗಳ ಮೇಲೆ ಬಗ್ಗಿ ಹತ್ತಿಯಿಂದ ಒಂದೊಂದೇ ಸ್ವರದ ಮನೆಯನ್ನು ಒರೆಸುತ್ತಿದ್ದ ಒಬ್ಬ ಮನುಷ್ಯ ನೆನಪಾದರು. ಸೂಜಿ ಚುಚ್ಚಿದ್ದು ಗೊತ್ತೇ ಆಗಲಿಲ್ಲ. “ಹತ್ತು ನಿಮಿಷ ಹೊರಗೆ ಕೂತಿದ್ದು ಹೋಗಿ” ಎಂದರು. ಬೆಂಚಿನ ಮೇಲೆ ಕೂತೆ…

ಅವರನ್ನು ಎಲ್ಲರೂ ಕೀಬೋರ್ಡ್ ಮೇಷ್ಟ್ರು ಎನ್ನುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಒಂದು ಕಾಲದಲ್ಲಿ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದರು. ಗಣೇಶನ ಪೆಂಡಾಲು, ಮದುವೆಯ ರಿಸೆಪ್ಷನ್, ರಾಜ್ಯೋತ್ಸವ, ಏನಿದ್ದರೂ ಆ ಭಾಗದಲ್ಲಿ ಇವರದೇ ತಂಡ. ನಾನು ಕಾಣುವ ಹೊತ್ತಿಗೆ ಆರ್ಕೆಸ್ಟ್ರಾ ನಿಂತುಹೋಗಿತ್ತು, ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ರಿಪೇರಿ ಅಂಗಡಿ ಉಳಿದಿತ್ತು. ತೆಳ್ಳಗಿನ ಆಳು, ಮೂಗಿನ ತುದಿಗೆ ಜಾರಿದ ಕನ್ನಡಕ, ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಯಾವಾಗಲೂ ಒಂದು ಪೆನ್‌ಡ್ರೈವ್.

ನಾನು ಅಲ್ಲಿಗೆ ಹೋದ ಕಾರಣ ಹೇಳಬೇಕಾದರೆ ನಮ್ಮ ಅತ್ತೆಯಿಂದ ಶುರು ಮಾಡಬೇಕು. ಬಾಗಲಗುಂಟೆ ಇನ್ನೂ ರಾಗಿ ಹೊಲವಾಗಿದ್ದಾಗ ಸೊಸೆಯಾಗಿ ಬಂದವರು ಅವರು. ಹೊಲಗಳೆಲ್ಲ ಸೈಟುಗಳಾದವು, ಬಾವಿ ಮುಚ್ಚಿ ಅದರ ಮೇಲೆ ಜೆರಾಕ್ಸ್ ಅಂಗಡಿ ಬಂತು, ಆದರೆ ಅತ್ತೆಯ ಕಥೆಗಳು ಮಾತ್ರ ಹಾಗೇ ಇದ್ದವು. “ಇಂಗೇ ಒಂದೂರು ಕಣವ್ವ, ಆ ಊರ್ನಾಗೆ ಒಬ್ಬಳು ಮುದುಕಿ, ನನ್ನಂಗೇ ಬಾಯಿಬಡುಕಿ” ಎಂದು ಶುರು ಮಾಡಿದರೆ ಕುಕ್ಕರ್ ಎಷ್ಟು ಕೂಗಿತೆಂದು ನಾನು ಲೆಕ್ಕ ತಪ್ಪುತ್ತಿದ್ದೆ. ನರ್ಸರಿ ಶಾಲೆಯಲ್ಲಿ ಪಾಠ ಬಿಟ್ಟು ಮನೆಯಲ್ಲಿದ್ದ ನಾನು ಆ ಕಥೆಗಳನ್ನು ಫೋನಿನಲ್ಲಿ ಹಿಡಿದು, ನನಗೆ ಬಂದಷ್ಟು ಚಿತ್ರ ಬಿಡಿಸಿ ಜೋಡಿಸಿ, ಅಂತರ್ಜಾಲದ ಒಂದು ವಿಡಿಯೊ ತಾಣದಲ್ಲಿ ಹಾಕತೊಡಗಿದೆ. ಎರಡು ಸಾವಿರದ ಹದಿನಾಲ್ಕೋ ಹದಿನೈದೋ ಇರಬೇಕು. ನೋಡುವವರು ಬೆರಳೆಣಿಕೆಯಷ್ಟು. ಆದರೂ ಯಾರೋ ಒಬ್ಬ ತಾಯಿ “ನಮ್ಮ ಪಾಪು ನಿಮ್ಮ ಅಜ್ಜಿ ಕಥೆ ಇಲ್ಲದೆ ಊಟ ಮಾಡಲ್ಲ” ಎಂದು ಬರೆದ ದಿನ ಅತ್ತೆ ಮೂರು ಸಲ ಓದಿಸಿಕೊಂಡಿದ್ದರು.

ಬರೀ ಮಾತಿನ ಕಥೆ ಉಪ್ಪಿಲ್ಲದ ಸಾರು ಅನ್ನಿಸಿತು ನನಗೆ. ಹಿಂದೆ ಸ್ವಲ್ಪ ಸಂಗೀತ, ಮಳೆ, ಬಾಗಿಲು ಕಿರುಗುಟ್ಟುವ ಸದ್ದು ಇದ್ದರೆ ಚೆನ್ನ. ಮೊದಲು ಒಂದು ಸಿನಿಮಾ ಹಾಡಿನ ತುಣುಕು ಹಾಕಿದೆ. ತಾಣದಿಂದ ನೋಟಿಸ್ ಬಂತು, ಇದು ಬೇರೆಯವರ ಸೊತ್ತು ಎಂದು. ಸರಿ, ತಪ್ಪಾಯ್ತು ಎಂದುಕೊಂಡು ‘ಫ್ರೀ’ ಎಂದು ಹುಡುಕಿದೆ. ಉಚಿತ ಕೀಬೋರ್ಡ್ ಲೂಪುಗಳು, ಉಚಿತ ಸದ್ದುಗಳು, ಪುಟಗಟ್ಟಲೆ ಬಂದವು. ಬಿಟ್ಟಿ ಸಿಕ್ಕರೆ ನನಗೂ ಒಂದಿರಲಿ, ನಮ್ಮಪ್ಪನಿಗೂ ಒಂದಿರಲಿ ಎನ್ನುವ ಹಾಗೆ ಬಾಚಿಕೊಂಡೆ. ‘ಫ್ರೀ’ ಎನ್ನುವುದನ್ನು ಕುಂಬಳಕಾಯಿ ಗಾತ್ರದಲ್ಲಿ ಬರೆದಿದ್ದರು, ಷರತ್ತುಗಳನ್ನು ಸಾಸಿವೆ ಗಾತ್ರದಲ್ಲಿ. ಸಾಸಿವೆ ಓದುವ ತಾಳ್ಮೆ ನನಗೆಲ್ಲಿಂದ ಬರಬೇಕು? ಎರಡನೇ ನೋಟಿಸ್ ಬಂತು. ಮೂರನೆಯದು ಬಂದರೆ ಇಡೀ ಚಾನೆಲ್ ಅಳಿಸಿಹೋಗುತ್ತದೆ ಎಂದು ಅದರಲ್ಲೇ ಬರೆದಿತ್ತು.

ಆ ತಿಂಗಳೇ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಮಾತು ಹೋಯಿತು. ಜಗಳಕ್ಕಾದರೂ ಒಂದು ಮಾತು ಬರಲಿ ಎಂದು ನಾನು ಹರಕೆ ಹೊತ್ತೆ, ಬರಲಿಲ್ಲ. ಅವರ ಧ್ವನಿಯ ಅರವತ್ತು ಕಥೆಗಳು ಆ ಚಾನೆಲ್ಲಿನಲ್ಲಿ ಮಾತ್ರ ಇದ್ದವು. ಫೋನಿನಲ್ಲಿ ಜಾಗ ಸಾಲದೆ, ಒಂದೊಂದು ಹಾಕಿದ ಮೇಲೂ ಮೂಲವನ್ನು ನಾನೇ ಅಳಿಸಿದ್ದೆ. ಇನ್ನೂ ಹಾಕದೆ ಉಳಿದಿದ್ದವು ಐದೇ ಐದು. ಅವಕ್ಕೆ ಯಾವ ಸದ್ದು ಹಾಕಲೂ ಧೈರ್ಯವಾಗಲಿಲ್ಲ. ಆಗಲೇ ನಮ್ಮ ಮನೆಯವರು ಹೇಳಿದರು, “ಯಶವಂತಪುರದಲ್ಲಿ ಕೀಬೋರ್ಡ್ ಮೇಷ್ಟ್ರು ಅಂತ ಇದಾರೆ, ಅವ್ರನ್ನ ಒಂದ್ಸಲ ಕೇಳು.”

ಹೋದೆ. ನನ್ನ ಕಥೆಯನ್ನೆಲ್ಲ ಕೇಳಿದರು, ಕೈಯಲ್ಲಿದ್ದ ಹತ್ತಿ ನಿಲ್ಲಿಸಲಿಲ್ಲ. ನಾನು ಇಳಿಸಿಕೊಂಡಿದ್ದ ಸದ್ದುಗಳನ್ನು ಹಾಕಿಸಿಕೊಂಡು ಕೇಳಿದರು. ನಾಯಿ ಬೊಗಳುವ ಸದ್ದು ಬಂದಾಗ ಕನ್ನಡಕದ ಮೇಲಿಂದ ನೋಡಿದರು.

“ಈ ನಾಯಿ ನಮ್ಮೂರ್ದಲ್ಲ ಕಣಮ್ಮಾ. ಇಂಗ್ಲಿಷಲ್ಲಿ ಬೊಗಳ್ತಿದೆ.”

ನಕ್ಕುಬಿಟ್ಟೆ. ಆಮೇಲೆ ಅವರು ಫ್ರೀ ಎಂದರೇನು ಎಂದು ನನಗೆ ಪಾಠ ಮಾಡಿದರು. “ದೇವಸ್ಥಾನದಲ್ಲಿ ಪ್ರಸಾದ ಫ್ರೀ. ಹೊರಗಡೆ ಬಿಟ್ಟಿರೋ ಚಪ್ಪಲೀನ ಯಾರೂ ಕಾಯ್ತಾ ಇರಲ್ಲ, ಹಾಗಂತ ಅದು ಫ್ರೀನಾ? ಕೇಳೋರಿಲ್ಲ ಅಂದ್ರೆ ಫ್ರೀ ಅಲ್ಲ. ಕೊಡೋನು ಬಾಯ್ಬಿಟ್ಟು ಕೊಟ್ಟಿರ್ಬೇಕು. ಕೆಲವರು ಹೆಸರು ಹಾಕಿ ಅಂತಾರೆ, ಹಾಕ್ಬೇಕು. ಕೆಲವರು ಮನೇಲಿಟ್ಕೊಂಡು ಕೇಳಿ, ಊರಿಗೆಲ್ಲ ಹಂಚಬೇಡಿ ಅಂತಾರೆ, ಹಂಚಬಾರ್ದು.” ಮೇಜಿನ ಖಾನೆಯಿಂದ ಕಂದು ಕಾಗದದ ಹೊದಿಕೆ ಹಾಕಿದ ಒಂದು ನೋಟ್‌ಬುಕ್ ತೆಗೆದರು. ಯಾವ ಸದ್ದು, ಯಾವ ತಾಣದಲ್ಲಿ ಸಿಕ್ಕಿತು, ಕೊಟ್ಟವರ ಷರತ್ತೇನು ಎಂದು ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದರು. ಅದನ್ನು ನೋಡಿ ನಾಲ್ಕೈದು ಒಳ್ಳೆಯ ತಾಣಗಳನ್ನು ಹೇಳಿಕೊಟ್ಟರು. ಪಕ್ಕದಲ್ಲೇ ಕೂರಿಸಿಕೊಂಡು ಸಾಸಿವೆಯಕ್ಷರಗಳನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸಿದರು. ಮೂವತ್ತೈದು ದಾಟಿದ ನನಗೆ ಮತ್ತೆ ಒಂದನೇ ಕ್ಲಾಸು.

ಮಳೆ, ಬಾಗಿಲು, ಗುಡುಗು ಎಲ್ಲ ಅಲ್ಲಿ ಸಿಕ್ಕಿದವು. ಹಿಂದೆ ನುಡಿಯುವ ಲೂಪ್ ಮಾತ್ರ ಯಾವುದೂ ಅತ್ತೆಯ ಧ್ವನಿಗೆ ಹೊಂದಲಿಲ್ಲ. ಲೂಪ್ ಎಂದರೆ ಬೇರೇನಲ್ಲ, ನಾಲ್ಕು ಆವರ್ತದ ಒಂದು ತುಣುಕು ಸಂಗೀತ. ಮುಗಿದ ಕೂಡಲೇ ಮೊದಲಿಗೆ ಬಂದು, ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರಬೇಕು. ಮೇಷ್ಟ್ರು ಜೇಬಿನಿಂದ ಪೆನ್‌ಡ್ರೈವ್ ತೆಗೆದರು.

“ಇದು ನಂದು. ನಾನೇ ಬಾರ್ಸಿ, ನಾನೇ ಕತ್ರಿಸಿದ್ದು. ಕಣ್ಮುಚ್ಕೊಂಡು ಹಾಕ್ಕೊಳ್ಳಿ.”

ಎಂಥ ಲೂಪ್ ಅದು! ಕೊಳಲಿನಂಥ ಒಂದು ನಾದ, ಅದರಡಿಯಲ್ಲಿ ಮೆಲ್ಲಗೆ ಕುಣಿಯುವ ತಾಳ, ಕೊನೆಯಲ್ಲಿ ಸಣ್ಣದೊಂದು ತಾಳದ ತಟ್ಟೆಯ ಝಲ್ಲು. ಅತ್ತೆಯ ಕಥೆಗೆಂದೇ ಹುಟ್ಟಿದಂತಿತ್ತು. ಇದರ ಜೋಡಣೆ ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲವಲ್ಲ ಎಂದೆ. ಅವರಿಗೆ ಖುಷಿಯಾಯಿತು. ಲೂಪ್ ಮಾಡಿದ ಮೇಲೆ ಅದನ್ನು ಸುತ್ತಲು ಬಿಟ್ಟು ಒಂದು ಕೀಬೋರ್ಡನ್ನು ಪೂರ್ತಿ ರಿಪೇರಿ ಮಾಡುತ್ತಿದ್ದರಂತೆ. ಕೆಲಸ ಮುಗಿಯುವವರೆಗೆ ಒಂದು ಸಲವೂ ತಲೆ ಎತ್ತದಿದ್ದರೆ ಲೂಪ್ ಪಾಸು. ಎತ್ತಿದರೆ ಎಲ್ಲೋ ಹೊಲಿಗೆ ಕಾಣಿಸಿದೆ ಎಂದರ್ಥ, ಅದನ್ನು ಎಸೆದು ಹೊಸದು. ಮೈಕನ್ನು ಸ್ಪೀಕರಿನ ಎದುರಿಟ್ಟೇ ರೆಕಾರ್ಡ್ ಮಾಡುತ್ತಿದ್ದರು, ನೇರ ವೈರ್ ಹಾಕುತ್ತಿರಲಿಲ್ಲ. “ವೈರಲ್ಲಿ ಬಂದಿದ್ದಕ್ಕೆ ಉಸಿರಿರಲ್ಲ” ಎನ್ನುತ್ತಿದ್ದರು.

ಐದು ಕಥೆಗಳಿಗೂ ಅದೇ ಲೂಪ್ ಹಾಕಿದೆ. ಅತ್ತೆಗೆ ಅವು ಎಷ್ಟು ಹಿಡಿಸಿದವೆಂದರೆ ದಿನವಿಡೀ ಹಾಲಿನ ಮಂಚದ ಮೇಲೆ ಮಲಗಿ ಅವನ್ನೇ ಕೇಳುತ್ತಿದ್ದರು. ನಡುನಡುವೆ “ಬಾ… ಬಾ…” ಎನ್ನುತ್ತಿದ್ದರು. ಲಕ್ವ ಹೊಡೆದ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು ಅದು. ಕರೆಯುತ್ತಿದ್ದಾರೆಂದು ನಾನು ಒಲೆ ಆರಿಸಿ ಓಡಿಬರುತ್ತಿದ್ದೆ. “ಏನತ್ತೆ? ನೀರಾ?” ಎಂದರೆ ನನ್ನನ್ನು ನೋಡಿ, ಇವಳ್ಯಾಕೆ ಬಂದಳು ಎನ್ನುವ ಹಾಗೆ ಮುಖ ತಿರುಗಿಸುತ್ತಿದ್ದರು. ಹಳೇ ಅತ್ತೆ ಒಳಗೆ ಭದ್ರವಾಗಿ ಇದ್ದಾರೆ ಎಂದು ಅದರಿಂದಲೇ ನನಗೆ ಧೈರ್ಯ.

ಎರಡು ತಿಂಗಳಿಗೆ ಮೂರನೇ ನೋಟಿಸ್ ಬಂತು.

ಯಾವುದೋ ದೂರದ ಊರಿನ ಸಂಗೀತ ಕಂಪನಿಯೊಂದು, ಆ ಲೂಪ್ ತನ್ನದೆಂದು, ತನ್ನ ಸಂಗೀತಗಾರನೇ ರಚಿಸಿದ್ದೆಂದು ದೂರು ಕೊಟ್ಟಿತ್ತು. ಅವರ ಆಲ್ಬಮ್ಮಿನ ಕೊಂಡಿಯನ್ನೂ ಕಳಿಸಿದ್ದರು. ಒತ್ತಿ ಕೇಳಿದೆ. ಅದೇ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಏಳು ದಿನದೊಳಗೆ ತಕ್ಕ ಆಧಾರದೊಂದಿಗೆ ಆಕ್ಷೇಪ ಸಲ್ಲಿಸದಿದ್ದರೆ ಚಾನೆಲ್ ಅಳಿಸಲಾಗುವುದು. ಅಲ್ಲಿಯವರೆಗೆ ಕಥೆಗಳನ್ನು ನೋಡಬಹುದಿತ್ತು, ಇಳಿಸಿಕೊಳ್ಳಲು ಮಾತ್ರ ಬಾಗಿಲು ಮುಚ್ಚಿದ್ದರು. ಹಾಲಿನಲ್ಲಿ ಅತ್ತೆಯ ಧ್ವನಿ “ಇಂಗೇ ಒಂದೂರು” ಎನ್ನುತ್ತಿತ್ತು. ಇನ್ನು ಏಳು ದಿನ.

ನನ್ನದು ಮೂಗಿನ ತುದಿಯ ಕೋಪ. ಬಸ್ಸು ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಿಂತಷ್ಟು ಹೊತ್ತೂ ಅದು ಕುದಿಯಿತು. ಅಂಗಡಿಯ ಮೆಟ್ಟಿಲು ಹತ್ತಿದಾಗ ಒಳಗೆ ಇಬ್ಬರು ಗಿರಾಕಿಗಳಿದ್ದರು. ನೋಡಲಿಲ್ಲ ನಾನು.

“ಕದ್ದ ಮಾಲು ಕೊಟ್ಟು ನಂದು ಅಂದ್ರಲ್ಲಾ ಮೇಷ್ಟ್ರೇ! ಚಪ್ಪಲಿ ಪಾಠ ಬೇರೆ ಮಾಡಿದ್ರಿ ನಂಗೆ!”

ಹತ್ತಿ ನಿಂತಿತು. ನಾನು ಕಂಡಂತೆ ಅದು ನಿಂತದ್ದು ಅದೇ ಮೊದಲು. ನೋಟಿಸನ್ನು ಎರಡು ಸಲ ಓದಿದರು. ಆಲ್ಬಮ್ಮಿನ ತುಣುಕು ಕೇಳಿದರು. ರಿಪೇರಿಗೆ ಬಂದವರಿಗೆಲ್ಲ ಆ ಲೂಪನ್ನು ಪೆನ್‌ಡ್ರೈವಿಗೆ ತುಂಬಿ ಕೊಟ್ಟಿದ್ದೆ, ಯಾರ ಕೈಯಿಂದ ಎಲ್ಲಿಗೆ ಹೋಯಿತೋ ಎಂದು ಮೆಲ್ಲಗೆ ಹೇಳಿದರು.

“ಅದು ನಂದೇ ಕಣಮ್ಮ.”

“ಪ್ರೂಫ್ ಏನಿದೆ?”

ಉತ್ತರಕ್ಕೂ ಕಾಯದೆ ನಾನು ಮೆಟ್ಟಿಲಿಳಿದು ಬಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆ ಇಬ್ಬರು ಗಿರಾಕಿಗಳ ಮುಂದೆ ನಾನು ಒಡೆದದ್ದು ಎಂಥ ಮುತ್ತು ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮಾರನೇ ದಿನ ಮನಸ್ಸು ತಡೆಯದೆ ಹೋದೆ. ಅಂಗಡಿಗೆ ಬೀಗ. ಅದರ ಮಾರನೇ ದಿನವೂ ಬೀಗ. ಓಡಿಹೋದರು ಎಂದು ಮನೆಯಲ್ಲಿ ಕೂಗಾಡಿದೆ. “ಊರವರ ಹದಿನೈದು ಕೀಬೋರ್ಡ್ ಒಳಗಿಟ್ಕೊಂಡು ಯಾರಾದ್ರೂ ಓಡಿಹೋಗ್ತಾರಾ? ಸುಮ್ನಿರೇ” ಎಂದರು ನಮ್ಮ ಮನೆಯವರು.

ನಾಲ್ಕನೇ ದಿನ ಮಧ್ಯಾಹ್ನ ಗೇಟು ಸದ್ದಾಯಿತು. ನೋಡಿದರೆ ಮೇಷ್ಟ್ರು. ಇಸ್ತ್ರಿ ಅಂಗಿ ಬೆವರಿಗೆ ಮೈಗಂಟಿತ್ತು, ಎದೆಗೆ ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿ ಅವುಚಿಕೊಂಡಿದ್ದರು. ರಾಜಾನುಕುಂಟೆಯಲ್ಲಿ ಅವರ ಅಕ್ಕನ ಮನೆ. ಆರ್ಕೆಸ್ಟ್ರಾ ನಿಂತಾಗ ಹಳೇ ಸಾಮಾನೆಲ್ಲ ಅಲ್ಲಿನ ಅಟ್ಟಕ್ಕೆ ಹಾಕಿದ್ದರಂತೆ. ಎರಡು ದಿನ ಅಟ್ಟದ ಮೇಲೆ ರಾಗಿ ಮೂಟೆಗಳ ಹಿಂದೆ ಹುಡುಕಿದ್ದಾರೆ. ವಾಪಸು ಬರುವಾಗ ಗೊರಗುಂಟೆಪಾಳ್ಯದಲ್ಲಿ ವಾಹನಗಳೆಲ್ಲ ನಿಂತಲ್ಲೇ ನಿಂತಿದ್ದರಿಂದ ಬಸ್ಸಿಳಿದು ನಡೆದೇ ಬಂದಿದ್ದಾರೆ.

“ಲೂಪ್ ಅಷ್ಟೇ ನಿಮ್ಗೆ ಕೊಟ್ಟಿದ್ದು. ಅದನ್ನ ಎಲ್ಲಿಂದ ಕತ್ರಿಸಿದ್ನೋ ಆ ಉದ್ದದ ರೆಕಾರ್ಡಿಂಗ್ ಇದ್ರಲ್ಲಿ ಎಲ್ಲೋ ಇದೆ” ಎಂದರು. ಡಬ್ಬಿಯಲ್ಲಿ ನಲವತ್ತರ ಹತ್ತಿರ ಸಿ.ಡಿ.ಗಳಿದ್ದವು.

ಕ್ಷಮೆ ಕೇಳಲು ಬಾಯಿ ತೆರೆದೆ. “ಅದಿರ್ಲಿ, ಮೊದ್ಲು ನೀರು ಕೊಡಿ” ಎಂದರು. ಒಳಗೆ ಬಂದವರು ಮಂಚದ ಮೇಲಿದ್ದ ಅತ್ತೆಗೆ ಕೈಮುಗಿದರು. “ಅಮ್ಮಾ, ನಿಮ್ಮ ಕಥೆ ಹಿಂದೆ ಬಾರ್ಸಿದೋನು ನಾನೇ.” ಅತ್ತೆ ಎಡಗೈಯಿಂದ ಕೂತುಕೋ ಎಂದು ಸನ್ನೆ ಮಾಡಿದರು.

ಆವತ್ತು ಸಂಜೆಯವರೆಗೆ, ಮರುದಿನ ಬೆಳಗ್ಗೆಯಿಂದ ಮತ್ತೆ, ನಮ್ಮ ಹಳೇ ಕಂಪ್ಯೂಟರಿಗೆ ಸಿ.ಡಿ. ಹಾಕಿದ್ದೂ ಹಾಕಿದ್ದೇ. ಕೆಲವು ಓದಲೇ ಇಲ್ಲ. ಕೆಲವಕ್ಕೆ ಬೂಸಲು ಹಿಡಿದಿತ್ತು, ಮೇಷ್ಟ್ರು ಜೇಬಿನಿಂದ ಸ್ಪಿರಿಟ್ಟಿನ ಸಣ್ಣ ಬಾಟಲಿ ತೆಗೆದು ಹತ್ತಿಯಲ್ಲಿ ಒರೆಸಿ ಹಾಕಿದರು. ಮನೆಯೆಲ್ಲ ಅದೇ ವಾಸನೆ. ಇಪ್ಪತ್ತನೆಯದೋ ಇಪ್ಪತ್ತೊಂದನೆಯದೋ ಇರಬೇಕು, ಆ ಕೊಳಲಿನ ನಾದ ಬಂತು. ಅರ್ಧ ಗಂಟೆಯ ಉದ್ದದ ರೆಕಾರ್ಡಿಂಗ್. ನಾನು ಕುಣಿದೇಬಿಟ್ಟೆ. ಮೇಷ್ಟ್ರು ಕುಣಿಯಲಿಲ್ಲ.

“ಇದನ್ನ ಕಳಿಸಿದ್ರೆ ಅವ್ರು ಏನಂತಾರೆ? ನಮ್ಮ ಲೂಪ್ ಕದ್ದು ಉದ್ದ ಮಾಡಿದಾರೆ ಅಂತಾರೆ. ಅವ್ರ ಹತ್ರ ಇಲ್ಲದೇ ಇರೋದು ಏನಾದ್ರೂ ಇದ್ರಲ್ಲಿ ಇರ್ಬೇಕಲ್ಲಮ್ಮ.”

ನನ್ನ ಹುರುಪು ಇಳಿದುಹೋಯಿತು. ಲೂಪ್ ಒಂದು ಕಡೆ, ಉದ್ದದ್ದು ಇನ್ನೊಂದು ಕಡೆ, ಎರಡನ್ನೂ ಹಿಂದೆಮುಂದೆ ಮಾಡಿ ಕೇಳುತ್ತ ಕೂತೆವು. ಲೂಪ್ ಸುತ್ತುತ್ತಿತ್ತು. ಹಿಂದಿನಿಂದ ಅತ್ತೆ “ಬಾ” ಎಂದರು. ನಾನು ಎದ್ದು ಹೋದೆ. ಏನೂ ಬೇಡವೆಂದು ಮುಖ ತಿರುಗಿಸಿದರು. ಬಂದು ಕೂತೆ. ಮತ್ತೆ “ಬಾ”. ಮತ್ತೆ ಎದ್ದೆ. ಮೇಷ್ಟ್ರು ನನ್ನ ಸೆರಗು ಹಿಡಿದೆಳೆಯುವುದೊಂದು ಬಾಕಿ.

“ಕೂತ್ಕೊಳ್ಳಿ. ಅಮ್ಮ ನಿಮ್ಮನ್ನ ಕರೀತಿಲ್ಲ. ಕರೆಕ್ಟಾಗಿ ಕೊನೇ ಬೀಟಿಗೆ ಹೇಳ್ತಿದಾರೆ.”

ಎಣಿಸಿದೆವು. ನಾಲ್ಕು ಆವರ್ತ, ತಟ್ಟೆಯ ಝಲ್ಲು, ಅತ್ತೆಯ “ಬಾ”. ನಾಲ್ಕು ಆವರ್ತ, ಝಲ್ಲು, “ಬಾ”. ತಪ್ಪುತ್ತಲೇ ಇರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಧ್ವನಿ ಪೂರ್ತಿ ಏರಿಸಿದೆ. ಆ ಝಲ್ಲಿನ ಅಡಿಯಲ್ಲಿ, ಅಕ್ಕಿಯೊಳಗಿನ ಕಲ್ಲಿನಷ್ಟು ಸಣ್ಣದಾಗಿ, ಒಬ್ಬ ಗಂಡಸಿನ ಧ್ವನಿ. “ಬಾ”. ಎರಡು ತಿಂಗಳು ನಾವು ಕಿವಿಯಿದ್ದೂ ಕೇಳದ್ದನ್ನು ಅತ್ತೆ ಮಲಗಿದಲ್ಲೇ ಕೇಳಿಸಿಕೊಂಡು, ತಾವೂ ದನಿಗೂಡಿಸುತ್ತಿದ್ದರು. ಕಂಪನಿಯ ಆಲ್ಬಮ್ ಹಾಕಿದೆ. ಅದರಲ್ಲೂ ಇತ್ತು! ಅದೇ ಜಾಗದಲ್ಲಿ, ಅದೇ “ಬಾ”.

ಇನ್ನು ಉಳಿದದ್ದು ಉದ್ದದ ರೆಕಾರ್ಡಿಂಗ್. ಲೂಪನ್ನು ಕತ್ತರಿಸಿದ ಜಾಗ ದಾಟಿ, ಅದರ ಮುಂದೆ ಏನಿದೆ ಎಂದು ಕೇಳಿದೆವು. ಝಲ್ಲು, “ಬಾ”, ಅದರ ಬೆನ್ನಿಗೇ ಸ್ಪಷ್ಟವಾಗಿ, “ಗುರು”.

ಬಾ ಗುರು.

ಮೇಷ್ಟ್ರು ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಹೇಳಿದರು. ಆರ್ಕೆಸ್ಟ್ರಾದಲ್ಲಿ ಅವರ ಪಕ್ಕ ರಿದಂ ಪ್ಯಾಡ್ ಬಾರಿಸುತ್ತಿದ್ದ ಗೆಳೆಯನೊಬ್ಬನಿದ್ದ. ಕೈ ಚಿನ್ನ, ಕಣ್ಣು ಮಾತ್ರ ಊಟದ ಪಂಕ್ತಿಯ ಮೇಲೆ. ಮೈಮರೆತು ನಿಂತವನನ್ನು ಮುಂದಿನ ಆವರ್ತಕ್ಕೆ ಎಳೆದುಕೊಳ್ಳಲು ಇವರು ಕೊನೇ ಬೀಟಿನಲ್ಲಿ ಮೆಲ್ಲಗೆ “ಬಾ ಗುರು” ಎನ್ನಬೇಕಿತ್ತು. ಎಷ್ಟೋ ವರ್ಷ ಸ್ಟೇಜಿನ ಮೇಲೆ ಹಾಗೇ ನಡೆದಿತ್ತು. ಅವನು ಕಾಮಾಲೆಯಲ್ಲಿ ತೀರಿಕೊಂಡ ಮೇಲೆಯೇ ಇವರು ಆರ್ಕೆಸ್ಟ್ರಾ ಬಿಟ್ಟದ್ದು.

“ಇದನ್ನ ರೆಕಾರ್ಡ್ ಮಾಡಿದಾಗ ಅವ್ನು ಹೋಗಿ ಒಂದು ವರ್ಷ ಆಗಿತ್ತು ಕಣಮ್ಮ. ರೂಮಲ್ಲಿ ನಾನೊಬ್ನೇ ಇದ್ದಿದ್ದು. ಕರೆದಿದ್ದೀನಿ ಅಂತ ನಂಗೇ ಗೊತ್ತಿಲ್ಲ ನೋಡಿ…”

ನನ್ನ ಕಣ್ಣು ತುಂಬಿಬಂತು. ಇಂಥ ಮನುಷ್ಯನನ್ನು ನಾನು ಕಳ್ಳ ಎಂದಿದ್ದೆ. “ತಪ್ಪಾಯ್ತು ಮೇಷ್ಟ್ರೇ” ಎಂದೆ. ಅವರು ಕನ್ನಡಕ ಒರೆಸಿಕೊಂಡು, “ಅಳೋದಾಮೇಲೆ. ಅರ್ಜಿ ಬರೀರಿ” ಎಂದರು.

ಬರೆದೆ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಇನ್ಯಾವುದನ್ನೂ ಬರೆದಿಲ್ಲ. ಹರಿದ ನೋಟಿನ ಒಂದು ತುಂಡು ಅವರ ಹತ್ತಿರ ಇದೆ, ಇನ್ನೊಂದು ನಮ್ಮ ಹತ್ತಿರ ಇದೆ, ಎರಡನ್ನೂ ಸೇರಿಸಿ ನೋಡಿ ಎಂದು ಬರೆದು, ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡು ಎಂದು ಗುರುತು ಹಾಕಿ ರೆಕಾರ್ಡಿಂಗ್ ಸಮೇತ ಕಳಿಸಿದೆ. ಕೊನೆಗೆ ಆ ಕಂಪನಿಯವರಿಗೆಂದು ಒಂದು ಸಾಲು ಸೇರಿಸಿದೆ: ನಿಮ್ಮ ಸಂಗೀತಗಾರರು ಕೊನೆಯ ಬೀಟಿನಲ್ಲಿ ಏನೋ ಹೇಳುತ್ತಿದ್ದಾರೆ, ಅದು ಏನು, ಯಾವ ಭಾಷೆ, ಯಾರನ್ನು ಕುರಿತು ಎಂದು ದಯವಿಟ್ಟು ಅವರನ್ನೇ ಕೇಳಿ ತಿಳಿಸಬೇಕು. ಮೇಷ್ಟ್ರು ಓದಿಸಿಕೊಂಡು, “ಈ ಕೋಪ ಮೊನ್ನೆ ನನ್ ಮೇಲೆ ಖರ್ಚು ಮಾಡಿದ್ರಲ್ಲ, ಇಲ್ಲಿಗೆ ಬೇಕಾಗಿತ್ತು ನೋಡಿ” ಎಂದು ನಕ್ಕರು.

ಆರನೇ ದಿನ ಉತ್ತರವಿಲ್ಲ. ಏಳನೇ ದಿನ ನಾನು ಅಡುಗೆ ಮಾಡಲಿಲ್ಲ, ಫೋನನ್ನೇ ನೋಡುತ್ತ ಕೂತಿದ್ದೆ. ಮಧ್ಯಾಹ್ನ ದಾಟಿದ ಮೇಲೆ ಬಂತು. ಕಂಪನಿ ತನ್ನ ದೂರನ್ನು ಹಿಂದಕ್ಕೆ ಪಡೆದಿದೆ, ನಿಮ್ಮ ಮೇಲಿನ ಮೂರನೇ ನೋಟಿಸ್ ರದ್ದಾಗಿದೆ. ನನ್ನ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಟ್ಟಿರಲಿಲ್ಲ. ಕೊಡುವುದಾದರೂ ಏನನ್ನು? ಗೆದ್ದೆವು ಅತ್ತೇ ಎಂದು ಕೂಗಿದೆ. ಅತ್ತೆ ಎಡಗೈಯಲ್ಲಿ ಮಂಚದ ಅಂಚಿಗೆ ಬಡಿದರು, ಒಂದು ಸಲವಲ್ಲ, ನಾಲ್ಕು ಆವರ್ತ.

ಮೈಸೂರುಪಾಕಿನ ಡಬ್ಬಿ ಹಿಡಿದು ಯಶವಂತಪುರಕ್ಕೆ ಹೋದರೆ ಗಲ್ಲಿಯ ತುದಿಯಲ್ಲೇ ಲೂಪ್ ಕೇಳಿಸಿತು. ಫೋನಿನಲ್ಲಿ ನಾನು ಸುದ್ದಿ ಮುಟ್ಟಿಸಿದ್ದೇ ತಡ, ಮೇಷ್ಟ್ರು ಸ್ಪೀಕರನ್ನು ಕಿಟಕಿಗೆ ತಿರುಗಿಸಿ, ರಿಪೇರಿಯಾಗಿದ್ದ ಕೀಬೋರ್ಡುಗಳನ್ನು ಸಾಲಾಗಿ ಜೋಡಿಸಿ, ಲೂಪಿನ ಮೇಲೆ ಒಂದಾದ ಮೇಲೊಂದನ್ನು ನುಡಿಸುತ್ತಿದ್ದರು. ಕೆಳಗೆ ಸೊಪ್ಪಿನ ಗಾಡಿಯವರು, ಲೋಡ್ ಇಳಿಸುವವರು ತಲೆಯೆತ್ತಿ ನೋಡುತ್ತಿದ್ದರು. “ಏನ್ ಸಮಾಚಾರ ಮೇಷ್ಟ್ರೇ, ಮದ್ವೇನಾ?” ಎಂದು ಯಾರೋ ಕೂಗಿದರು. “ಮದ್ವೆಗಿಂತ ಜಾಸ್ತಿ ಕಣೋ!” ಎಂದು ಇವರು ಮೇಲಿಂದ ಕೂಗಿದರು. ನಾನು ಬೈದಾಗ ನಿಂತಿದ್ದ ಆ ಇಬ್ಬರು ಗಿರಾಕಿಗಳಲ್ಲಿ ಒಬ್ಬರು ಆವತ್ತೂ ಅಲ್ಲಿದ್ದರು. ಅವರೆದುರಿಗೇ ಗಟ್ಟಿಯಾಗಿ ಕ್ಷಮೆ ಕೇಳಿ, ಮೊದಲ ಮೈಸೂರುಪಾಕನ್ನು ಮೇಷ್ಟ್ರ ಬಾಯಿಗೆ ನಾನೇ ಇಟ್ಟೆ.

ಈಗಲಾದರೂ ನಿಮ್ಮ ಹೆಸರಿಗೆ ನೋಂದಾಯಿಸಿ ಬೀಗ ಹಾಕಿ ಎಂದೆ. ಮೇಷ್ಟ್ರು ತಲೆಯಾಡಿಸಿದರು.

“ಬೀಗ ಹಾಕಿದ್ರೆ ನಂಗೂ ಅವ್ರಿಗೂ ಏನ್ ವ್ಯತ್ಯಾಸ? ಚಪ್ಪಲಿ ಥರ ಬಿಟ್ಟಿದ್ದು ನನ್ ತಪ್ಪು. ಪ್ರಸಾದ ಅಂತ ಬಾಯ್ಬಿಟ್ಟು ಹೇಳೋಣ.”

ಹಾಗೆ ಶುರುವಾಯಿತು ನಮ್ಮ ಉಚಿತ ಸದ್ದುಗಳ ಪುಟ. ಡಬ್ಬಿಯ ಸಿ.ಡಿ.ಗಳಿಂದ ಎಪ್ಪತ್ತಕ್ಕೂ ಹೆಚ್ಚು ಲೂಪುಗಳನ್ನು ಬಿಡಿಸಿ ಹಾಕಿದೆವು. ಯಾರು ಬೇಕಾದರೂ ಯಾವ ಕೆಲಸಕ್ಕಾದರೂ ಬಳಸಬಹುದು, ಕೇಳುವುದೂ ಬೇಡ, ಹೆಸರು ಹಾಕುವುದೂ ಬೇಡ, ನಮ್ಮದು ಎಂದು ಬೇರೆಯವರನ್ನು ತಡೆಯಬೇಡಿ ಅಷ್ಟೇ ಎಂದು ದೊಡ್ಡ ಅಕ್ಷರದಲ್ಲೇ ಬರೆದೆವು. ಸಾಸಿವೆಯಕ್ಷರ ಒಂದೂ ಇಡಲಿಲ್ಲ. ಆಮೇಲೆ ಮೈಕ್ ಹಿಡಿದು ಊರು ಸುತ್ತಿದೆವು. ಗೊರಗುಂಟೆಪಾಳ್ಯದ ಹಾರ್ನುಗಳು, ಯಶವಂತಪುರದ ಗೂಡ್ಸ್ ರೈಲು, ರಾಜಾನುಕುಂಟೆಯ ಅಕ್ಕನ ಮನೆ ಹುಂಜ, ಕನ್ನಡದಲ್ಲಿ ಬೊಗಳುವ ನಮ್ಮ ಬೀದಿಯ ನಾಯಿ. ರಾಗಿ ಕೇರುವ ಸದ್ದು ಬೇಕೆಂದಾಗ ಅತ್ತೆ ಎಡಗೈ ಚಾಚಿದರು. ಮೊರದ ಒಂದು ಅಂಚನ್ನು ನಾನು ಹಿಡಿದುಕೊಂಡೆ, ಇನ್ನೊಂದನ್ನು ಅವರು. ತಪ್ಪಾಗಿ ಕೇರಿದರೆ ನನ್ನ ಕೈಗೆ ಮೊರದಿಂದಲೇ ಒಂದು ಕುಟ್ಟುತ್ತಿದ್ದರು. ಆ ಸದ್ದೂ ಪುಟದಲ್ಲಿದೆ.

ಹಾಕುವ ಮುಂಚೆ ಆ ಮೊದಲ ಲೂಪಿನಿಂದ “ಬಾ”ವನ್ನು ತೆಗೆಯಲೇ ಎಂದು ಕೇಳಿದ್ದೆ. ಈಗ ನನಗೆ ಅದು ಪ್ರತಿ ಸಲವೂ ಕೇಳಿಸುತ್ತಿತ್ತು. ಮೇಷ್ಟ್ರ ಲೆಕ್ಕದಲ್ಲಿ ಅದು ಹೊಲಿಗೆ ಕಂಡಂತೆ, ಅವರ ಪರೀಕ್ಷೆಯಲ್ಲಿ ಫೇಲು.

“ಇರ್ಲಿ ಬಿಡಿ. ಲೂಪ್ ಒಂದೇ ಊರೂರು ಸುತ್ತೋ ಬದ್ಲು ಜೊತೆಗೆ ಅವ್ನನ್ನೂ ಕರ್ಕೊಂಡು ಹೋಗ್ಲಿ” ಎಂದರು.

ಸುತ್ತಿತು. ಬೀದರ್ ಕಡೆಯ ಶಾಲಾ ಮೇಷ್ಟ್ರೊಬ್ಬರು ಮಕ್ಕಳ ನಾಟಕಕ್ಕೆ ಹಾಕಿಕೊಂಡೆವೆಂದು ಬರೆದರು. ಓದಲು ಬಾರದ ಲಿಪಿಯಲ್ಲಿ ಯಾರೋ ಧನ್ಯವಾದದಂಥದ್ದೇನನ್ನೋ ಬರೆದರು. ಪ್ರತಿಯೊಂದನ್ನೂ ಮೇಷ್ಟ್ರಿಗೆ ಫೋನಿನಲ್ಲಿ ಓದಿ ಹೇಳುತ್ತಿದ್ದೆ. “ಹೌದಾ, ಹೌದಾ” ಎನ್ನುತ್ತಿದ್ದರು. ಆ ಕಡೆ ಹತ್ತಿ ನಿಲ್ಲುತ್ತಿತ್ತು ಎಂದು ಈ ಕಡೆ ನನಗೆ ಗೊತ್ತಾಗುತ್ತಿತ್ತು.

ಹೋದ ವರ್ಷ ಮೇಷ್ಟ್ರು ಹೋದರು. ಎದೆನೋವು, ಅರ್ಧ ದಿನ, ಅಷ್ಟೇ. ನನಗೆ ತಿಳಿದದ್ದು ನಾಲ್ಕು ದಿನ ಕಳೆದ ಮೇಲೆ, ಫೋನು ಮಾಡಿ ಮಾಡಿ ಸೋತು ಅಂಗಡಿಗೆ ಹೋದಾಗ. ಗಿರಾಕಿಗಳು ಒಬ್ಬೊಬ್ಬರೇ ಬಂದು ತಮ್ಮ ಕೀಬೋರ್ಡುಗಳನ್ನು ಹೊತ್ತುಕೊಂಡು ಮೆಟ್ಟಿಲಿಳಿಯುತ್ತಿದ್ದರು. ಚೆನ್ನಾಗಿಯೇ ಬದುಕಿದರು, ಗೆದ್ದೇ ಹೋದರು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೂ ಹೊಸ ಪತ್ರ ಬಂದಾಗಲೆಲ್ಲ ಕೈ ಫೋನಿನತ್ತ ಹೋಗುತ್ತದೆ…

ಕ್ಲಿನಿಕ್ಕಿನ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ಹಿರಿಯರು ಕೂತಿದ್ದರು. ನಮ್ಮ ಕಡೆಯ ಹಳೇ ಒಕ್ಕಲು ಮನೆತನದವರು, ಹೊಲವಿದ್ದ ಜಾಗದಲ್ಲಿ ಮೂರು ಬಾಡಿಗೆ ಕಟ್ಟಡ ಎಬ್ಬಿಸಿದವರು. ಈಗ ಕಣ್ಣಿಗೆ ಹತ್ತಿರ ಫೋನ್ ಹಿಡಿದು, ತಾರಸಿಯ ಮೇಲೆ ಬದನೆಕಾಯಿ ಬೆಳೆಯುವುದು ಹೇಗೆ ಎಂಬ ವಿಡಿಯೊ ನೋಡುತ್ತಿದ್ದರು. ಯಾರೋ ಕುಂಡಕ್ಕೆ ಗೊಬ್ಬರ ಹಾಕುತ್ತಿದ್ದರು. ಅದರ ಹಿಂದೆ ಕೊಳಲಿನಂಥ ನಾದ, ಮೆಲ್ಲಗೆ ಕುಣಿಯುವ ತಾಳ. ಉಸಿರು ಬಿಗಿಹಿಡಿದು ಎಣಿಸಿದೆ. ನಾಲ್ಕು ಆವರ್ತ, ಝಲ್ಲು.

“ಗುರು” ಎಂದೆ. ಗಟ್ಟಿಯಾಗಿಯೇ ಬಂದುಬಿಟ್ಟಿತ್ತು.

ಹಿರಿಯರು ತಿರುಗಿದರು. “ಯಾರ್ನ ಕರೆದ್ರವ್ವಾ?”

“ನಾನಲ್ಲ ಯಜಮಾನ್ರೇ, ನಮ್ಮ ಮೇಷ್ಟ್ರು ಕರೀತಿದಾರೆ” ಎಂದೆ. ಅವರು ಸುತ್ತ ನೋಡಿದರು. ಬೆಂಚಿನ ಮೇಲೆ ನಾವಿಬ್ಬರೇ ಇದ್ದೆವು.

“ಅದನ್ನ ಇನ್ನೊಂದ್ಸಲ ಹಾಕ್ತೀರಾ?” ಎಂದು ಕೇಳಿದೆ. ಪಾಪ, ನನಗೂ ಬದನೆಕಾಯಿ ಬೆಳೆಯುವ ಆಸೆಯೆಂದು ತಿಳಿದರೇನೋ, ಫೋನನ್ನು ನನ್ನ ಕಡೆ ವಾಲಿಸಿ ಹಿಡಿದು, ಮೊದಲಿನಿಂದ ಹಾಕಿದರು.